ನಂಬಬೇಡಿ ಎಂದು ಮೊದಲೇ ಹೇಳಿಕೊಟ್ಟಿದ್ದರು

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಗಾಂಜಾ ಸೇದುವ ಮಗನನ್ನು ‘ಎಲ್ಲಾದರೂ ದೂರ ಹಾಕಿ ದಾರಿಗೆ ತರಿಸಬಹುದೇ’ ಎಂದು ಕೇಳಿದ್ದ ತಂದೆಯೊಬ್ಬರಿಗೆ ಉತ್ತರಿಸುವಾಗ, ಅಮೆರಿಕದಲ್ಲಿ ಹದಿಹರೆಯದವರಿಗಾಗಿ ನಡೆದ ಬಲವಂತದ ಪುನರ್ವಸತಿ ಕೇಂದ್ರಗಳ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದು ಬಂದ ಪತ್ರಗಳೇ ಈ ಸಲ ಹೆಚ್ಚು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಓದಿದ ತಂದೆತಾಯಿಗಳು, ಬಿಗಿಯಾದ ಕಾನೂನು, ಯಾರಿಗೂ ಅಂಜದ ಪತ್ರಿಕೆಗಳು ಇರುವ ದೇಶದಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಕೂಡಿಹಾಕಿ ಹಿಂಸಿಸಿದರು ಎಂದರೆ ನಂಬುವುದು ಹೇಗೆ? ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಶಿಸ್ತನ್ನೇ ಇಂದಿನವರು ಹಿಂಸೆ ಎಂದು ಕರೆಯುತ್ತಿರಬಹುದಲ್ಲವೇ? (ನಿವೃತ್ತ ಅಧ್ಯಾಪಕರು, ಮೈಸೂರು)

ಉತ್ತರ: ಮಾಸ್ತರರೇ, ‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವೆಲ್ಲ. ಆದ್ದರಿಂದ ನಿಮ್ಮ ಸಂದೇಹ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ನಡೆದದ್ದು ಬೆತ್ತದ ಪೆಟ್ಟಿನ ಜಾತಿಗೆ ಸೇರಿದ್ದಲ್ಲ. ಅದರ ಮೂಲ ಎಲ್ಲಿದೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1958ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಚಾರ್ಲ್ಸ್ ಡೆಡೆರಿಕ್ ಎಂಬವರು, ಸ್ವತಃ ಕುಡಿತ ಬಿಟ್ಟವರು, ಮಾದಕವ್ಯಸನಿಗಳಿಗಾಗಿ ಸಿನಾನನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿನ ಮುಖ್ಯ ಚಿಕಿತ್ಸೆಗೆ ‘ಆಟ’ ಎಂದೇ ಹೆಸರು. ಎಲ್ಲರೂ ವೃತ್ತವಾಗಿ ಕುಳಿತು ತಮ್ಮಲ್ಲೊಬ್ಬನನ್ನು ಆರಿಸಿಕೊಂಡು, ಅವನ ಸುಳ್ಳು, ಅವನ ಸೋಗು, ಅವನ ಹೇಡಿತನವನ್ನು ಬಾಯಿಗೆ ಬಂದ ಮಾತಿನಲ್ಲಿ ಬೈದು ಬಯಲಿಗೆಳೆಯುವುದು, ಅವನು ಕುಸಿಯುವತನಕ ಬಿಡದಿರುವುದು, ಇದೇ ಆ ಆಟ. ಕೆಲವರು ವ್ಯಸನ ಬಿಟ್ಟದ್ದೂ ನಿಜ, ಪತ್ರಿಕೆಗಳು ಹೊಗಳಿದ್ದೂ ನಿಜ. ಕೊನೆಗೆ ಆ ಸಂಸ್ಥೆ ಒಂದು ಪಂಥವಾಗಿ ತಿರುಗಿಕೊಂಡು, ತನ್ನ ವಿರುದ್ಧ ಮೊಕದ್ದಮೆ ನಡೆಸಿದ್ದ ವಕೀಲರೊಬ್ಬರ ಮನೆಯ ಅಂಚೆಪೆಟ್ಟಿಗೆಯಲ್ಲಿ 1978ರಲ್ಲಿ ವಿಷದ ಹಾವನ್ನು ಇರಿಸುವ ಮಟ್ಟಕ್ಕೆ ಹೋಯಿತು. ಆ ಹೊತ್ತಿಗಾಗಲೇ ಅದರ ವಿಧಾನ ಮಕ್ಕಳ ಕಡೆಗೆ ಹೊರಳಿಯಾಗಿತ್ತು.

1970ರಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ‘ದಿ ಸೀಡ್’ ಎಂಬ ಕೇಂದ್ರ ಇದೇ ಬಗೆಯ ಗುಂಪು ಒತ್ತಡವನ್ನು ಹದಿಹರೆಯದವರ ಮೇಲೆ ಪ್ರಯೋಗಿಸತೊಡಗಿತು. ಅದಕ್ಕೆ ಕೇಂದ್ರ ಸರ್ಕಾರದ ಹಣವೂ ಸಿಕ್ಕಿತು. 1974ರಲ್ಲಿ ಅಮೆರಿಕದ ಸೆನೆಟ್‌ನ ಉಪಸಮಿತಿಯೊಂದು ತನ್ನ ವರದಿಯಲ್ಲಿ ಆ ವಿಧಾನವನ್ನು ಕೊರಿಯಾ ಯುದ್ಧದ ಕಾಲದಲ್ಲಿ ಉತ್ತರ ಕೊರಿಯನ್ನರು ಬಳಸಿದ್ದ ಮನಃಪರಿವರ್ತನೆಯ ತಂತ್ರಗಳಿಗೆ ಹೋಲಿಸಿತು. ಹಾಗೆ ಹೋಲಿಸಿದ್ದು ಇಂದಿನ ಸೂಕ್ಷ್ಮ ಮನಸ್ಸಿನ ಹುಡುಗರಲ್ಲ, ಐವತ್ತು ವರ್ಷಗಳ ಹಿಂದಿನ ಶಾಸಕರು ಎಂಬುದನ್ನು ತಾವು ಗಮನಿಸಬೇಕು. ಇಷ್ಟಾದರೂ ಎರಡೇ ವರ್ಷಗಳಲ್ಲಿ, ಅಂದರೆ 1976ರಲ್ಲಿ, ಅದೇ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅದೇ ಅಚ್ಚಿನಲ್ಲಿ ‘ಸ್ಟ್ರೇಟ್’ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಮೆಲ್ ಸೆಂಬ್ಲರ್ ಮುಂದೆ ಆಸ್ಟ್ರೇಲಿಯಾಕ್ಕೂ ಇಟಲಿಗೂ ಅಮೆರಿಕದ ರಾಯಭಾರಿಯಾದರು.

ಸ್ಟ್ರೇಟ್‌ನಲ್ಲಿದ್ದವರು ಇಂದು ನೆನೆಯುವ ದಿನಚರಿ ಹೀಗಿದೆ. ಕಿಟಕಿಯಿಲ್ಲದ, ಗೋದಾಮಿನಂಥ ಕಟ್ಟಡ. ಒಳಗೆ ಸಾಲುಸಾಲು ಪ್ಲಾಸ್ಟಿಕ್ ಕುರ್ಚಿಗಳು. ಒಂದು ಕಡೆ ಹುಡುಗರು, ಇನ್ನೊಂದು ಕಡೆ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತಿರಬೇಕು. ಮಾತನಾಡಬೇಕೆಂದರೆ ಕೈಯೆತ್ತಿದರೆ ಸಾಲದು. ಕುಳಿತಲ್ಲೇ ಎರಡೂ ತೋಳುಗಳನ್ನು ತಲೆಯ ಮೇಲೆ ಬೀಸಿ ಬೀಸಿ, ತಲೆಯನ್ನೂ ಕುಲುಕಿ, ಪಕ್ಕದವನಿಗೆ ತಾಗುವಷ್ಟು ಜೋರಾಗಿ ಆಡಿಸಬೇಕು. ಹಾಗೆ ಆಡಿಸದವನಿಗೆ ಬದಲಾಗುವ ಮನಸ್ಸಿಲ್ಲವೆಂದು ಅರ್ಥ. ಕರೆದಾಗ ಎದ್ದು ನಿಂತು ತಾನು ಮಾಡಿದ ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡದ್ದು ಸಾಲದೆಂದು ಗುಂಪಿಗೆ ಅನ್ನಿಸಿದರೆ ಮುಖದ ಹತ್ತಿರ ಮುಖ ತಂದು, ಎಂಜಲು ಸಿಡಿಯುವಂತೆ ಕಿರುಚುತ್ತಾರೆ. ಒಂದೆರಡು ಸಲ ಬಿಯರ್ ಕುಡಿದಿದ್ದ ಹುಡುಗ, ಕುಳಿತುಕೊಳ್ಳಲು ಅಪ್ಪಣೆ ಸಿಗಲೆಂದು, ತಾನು ಮುಟ್ಟದ ಹೆರಾಯಿನ್‌ನ ಕತೆ ಕಟ್ಟುತ್ತಾನೆ. ಹಾಗೆ ಕಟ್ಟಿದ ಕತೆ ಅವನ ಕಡತ ಸೇರುತ್ತದೆ, ಮುಂದೆ ಅದೇ ಅವನ ಚರಿತ್ರೆಯಾಗುತ್ತದೆ.

ಹೊಸದಾಗಿ ಬಂದವನು ಎಲ್ಲಿಗೆ ಹೋದರೂ, ಶೌಚಾಲಯಕ್ಕೂ ಸೇರಿಸಿ, ಅವನ ಪ್ಯಾಂಟಿನ ಬೆಲ್ಟು ತೂರಿಸುವ ಪಟ್ಟಿಗೆ ಹಿಂದಿನಿಂದ ಬೆರಳು ಸಿಕ್ಕಿಸಿ ಹಿಡಿದುಕೊಂಡು ಒಬ್ಬ ‘ಹಳಬ’ ನಡೆಯುತ್ತಿದ್ದ. ಈ ಹಳಬನೂ ಹದಿನಾರು ಹದಿನೇಳರ ಹುಡುಗನೇ. ಕೆಲವು ತಿಂಗಳ ಹಿಂದೆ ಅವನ ಪ್ಯಾಂಟನ್ನು ಇನ್ನೊಬ್ಬ ಹಿಡಿದಿದ್ದ. ರಾತ್ರಿ ಹೊಸಬನನ್ನು ಹಳಬನ ಮನೆಗೇ ಕರೆದೊಯ್ದು, ಹೊರಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಮಲಗಿಸುತ್ತಿದ್ದರು. ಕಾವಲು ಕಾಯುವವರು ಹಳಬನ ತಂದೆತಾಯಿ. ಒಟ್ಟು ಐದು ಹಂತಗಳು. ಮೊದಲ ಹಂತದಲ್ಲಿ ಶಾಲೆಯಿಲ್ಲ, ಪುಸ್ತಕವಿಲ್ಲ, ಟಿ.ವಿ. ಇಲ್ಲ, ತಂದೆತಾಯಿಯೊಡನೆ ಏಕಾಂತದ ಮಾತಿಲ್ಲ. ನಾಲ್ಕನೆಯ ಹಂತ ಮುಟ್ಟಿದವನನ್ನೂ ಒಂದು ತಪ್ಪಿಗೆ ಮತ್ತೆ ಮೊದಲ ಹಂತಕ್ಕೆ ತಳ್ಳಬಹುದಿತ್ತು. ಮೇಲಿನ ಹಂತಕ್ಕೆ ಹೋಗುವ ದಾರಿಗಳಲ್ಲೊಂದು ಇನ್ನೊಬ್ಬನ ಸುಳ್ಳನ್ನು ಹಿಡಿದುಕೊಡುವುದು. ಆಗ ಅಲ್ಲಿದ್ದು ಈಗ ಐವತ್ತು ದಾಟಿದವರ ಮಾತಿನಲ್ಲಿ ತಮಗೆ ಬಿದ್ದ ಹೊಡೆತಕ್ಕಿಂತ ಹೆಚ್ಚಾಗಿ ಮರುಕಳಿಸುವುದು ಈ ಭಾಗವೇ: ತಾನು ಯಾರ ಪ್ಯಾಂಟು ಹಿಡಿದೆ, ಯಾರ ಮುಖಕ್ಕೆ ಉಗಿದೆ, ಯಾವ ಹುಡುಗಿ ಗುಟ್ಟಾಗಿ ಹೇಳಿದ್ದನ್ನು ಎದ್ದು ನಿಂತು ಒದರಿದೆ.

ಇನ್ನು ತಂದೆತಾಯಿಗಳ ವಿಷಯ. ಅವರು ಕಟುಕರಾಗಿರಲಿಲ್ಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮಾದಕವಸ್ತುಗಳ ಭಯ ಅಮೆರಿಕದ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತ್ತು. ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ 1982ರಲ್ಲಿ ಸ್ಟ್ರೇಟ್‌ಗೆ ಭೇಟಿ ಕೊಟ್ಟರು. 1985ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾರನ್ನು ವರ್ಜೀನಿಯಾದ ಶಾಖೆಗೆ ಕರೆದುಕೊಂಡು ಹೋದರು. ಅಂಥವರು ಮೆಚ್ಚಿದ ಜಾಗವನ್ನು ಒಬ್ಬ ಸಾಮಾನ್ಯ ತಾಯಿ ಯಾಕೆ ಶಂಕಿಸಬೇಕು? ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಇಂಥ ಕೇಂದ್ರಗಳಲ್ಲಿ ಮಗುವನ್ನು ಸೇರಿಸಿದ ದಿನವೇ ತಂದೆತಾಯಿಗೆ ಒಂದು ಪಾಠ ಆಗುತ್ತಿತ್ತು: ನಿಮ್ಮ ಮಗ ಸುಳ್ಳು ಹೇಳುತ್ತಾನೆ, ಹೊಡೆದರು ಎನ್ನುತ್ತಾನೆ, ಊಟ ಕೊಡಲಿಲ್ಲ ಎನ್ನುತ್ತಾನೆ, ಮನೆಗೆ ಬರಲು ಏನು ಬೇಕಾದರೂ ಹೇಳುತ್ತಾನೆ, ಅದು ಅವನ ರೋಗದ ಲಕ್ಷಣ, ನೀವು ಕರಗಿದರೆ ಅವನು ಸಾಯುತ್ತಾನೆ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಕೀಲು ಇದೇ. ದೂರನ್ನೇ ರೋಗದ ಲಕ್ಷಣವೆಂದು ಒಮ್ಮೆ ಒಪ್ಪಿಸಿಬಿಟ್ಟರೆ, ಮಗು ಎಷ್ಟು ಜೋರಾಗಿ ಅತ್ತರೆ ಅಷ್ಟು ಚೆನ್ನಾಗಿ ಚಿಕಿತ್ಸೆ ನಡೆಯುತ್ತಿದೆ ಎಂದು ತಂದೆತಾಯಿ ಸಮಾಧಾನಪಟ್ಟುಕೊಳ್ಳುತ್ತಾರೆ.

ನ್ಯಾಯಾಲಯಗಳು ಸುಮ್ಮನಿರಲಿಲ್ಲ. ಸ್ಟ್ರೇಟ್‌ನಲ್ಲಿದ್ದ ತಮ್ಮನನ್ನು ನೋಡಲು ಹೋದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಅಲ್ಲೇ ಹಿಡಿದಿಟ್ಟುಕೊಂಡು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊರಗೆ ಬಿಡದ ಪ್ರಕರಣದಲ್ಲಿ 1983ರಲ್ಲಿ ವರ್ಜೀನಿಯಾದ ಜ್ಯೂರಿಯೊಂದು 2,20,000 ಡಾಲರ್ ಪರಿಹಾರ ಕೊಡಿಸಿತು. ತೀರ್ಪು ಬಂದ ಮೇಲೂ ಸಂಸ್ಥೆ ಹತ್ತು ವರ್ಷ ನಡೆದು, 1993ರಲ್ಲಿ ಮುಚ್ಚಿತು. ತಾವು ಕೇಳಿದ ‘ನಂಬುವುದು ಹೇಗೆ’ ಎಂಬ ಪ್ರಶ್ನೆಗೆ ಆ ಹತ್ತು ವರ್ಷಗಳೂ ಉತ್ತರದ ಒಂದು ಭಾಗ.

ಪ್ರಶ್ನೆ: ಮೂವತ್ತು ನಲವತ್ತು ವರ್ಷ ಸುಮ್ಮನಿದ್ದು ಈಗ ನೆನಪಿಸಿಕೊಳ್ಳುವವರ ಮಾತಿಗೆ ಎಷ್ಟು ಬೆಲೆ? ನೆನಪು ಬಣ್ಣ ಕಟ್ಟುತ್ತದೆ. ‘ಅಲ್ಲಿಗೆ ಹೋಗದಿದ್ದರೆ ನಾನು ಸತ್ತೇ ಹೋಗುತ್ತಿದ್ದೆ’ ಎನ್ನುವವರೂ ಇದ್ದಾರಂತಲ್ಲ? (ಓದುಗರು, ದಾವಣಗೆರೆ)

ಉತ್ತರ: ನೆನಪು ಬಣ್ಣ ಕಟ್ಟುತ್ತದೆ, ಒಪ್ಪಿದೆ. ಯಾವ ವಾರ, ಯಾರು ಮೊದಲು ಬಂದರು, ಗೋಡೆಯ ಬಣ್ಣ ಯಾವುದು ಎಂಬ ವಿವರಗಳು ಅದಲುಬದಲಾಗುತ್ತವೆ. ಆದರೆ ಒಬ್ಬರನ್ನೊಬ್ಬರು ನೋಡಿಯೇ ಇರದವರು, ಬೇರೆ ಬೇರೆ ಊರಿನ ಶಾಖೆಗಳಲ್ಲಿ ಬೇರೆ ಬೇರೆ ವರ್ಷ ಇದ್ದವರು, ಒಂದೇ ತೋಳುಬೀಸುವಿಕೆಯನ್ನು, ಒಂದೇ ಬೆಲ್ಟಿನ ಹಿಡಿತವನ್ನು ಹೇಳಿದಾಗ ಅದು ಒಬ್ಬರ ಕಲ್ಪನೆಯಾಗಿ ಉಳಿಯುವುದಿಲ್ಲ. ಬೇರೆ ಸಂಸ್ಥೆಗಳದ್ದೂ ಹೀಗೆಯೇ. ಮೇನ್ ರಾಜ್ಯದಲ್ಲಿ 1970ರಿಂದ 2011ರವರೆಗೆ ನಡೆದ ಎಲಾನ್ ಶಾಲೆಯಲ್ಲಿ ಓದಿದವರು, ತಪ್ಪು ಮಾಡಿದವನನ್ನು ಸುತ್ತುವರಿದು, ಒಬ್ಬರ ನಂತರ ಒಬ್ಬರಂತೆ ಅವನೊಡನೆ ಬಾಕ್ಸಿಂಗ್ ಮಾಡಿಸುತ್ತಿದ್ದ ‘ರಿಂಗ್’ ಅನ್ನು ನೆನೆಯುತ್ತಾರೆ. ಜಮೈಕಾದಲ್ಲಿ 2009ರವರೆಗೆ ಇದ್ದ ಟ್ರಾಂಕ್ವಿಲಿಟಿ ಬೇ ಎಂಬಲ್ಲಿಗೆ ಅಮೆರಿಕದಿಂದ ಕಳುಹಿಸಲ್ಪಟ್ಟವರು ನೆಲಕ್ಕೆ ಮುಖ ಮಾಡಿ ದಿನಗಟ್ಟಲೆ ಬೋರಲು ಮಲಗಿಸಿದ್ದನ್ನು ನೆನೆಯುತ್ತಾರೆ. ನೆಮ್ಮದಿಯ ಕೊಲ್ಲಿ ಎಂದು ಅದರ ಹೆಸರಿನ ಅರ್ಥ. ಇಂಥ ಹೆಸರುಗಳನ್ನು ಹುಡುಕುವವರಿಗೆ ಒಂದು ಬಗೆಯ ಪ್ರತಿಭೆಯೇ ಬೇಕು.

ನೆನಪುಗಳನ್ನು ಬಿಟ್ಟು ಕಡತಗಳನ್ನೇ ನೋಡುವುದಾದರೂ, ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಇಂಥ ಕೇಂದ್ರಗಳ ಬಗ್ಗೆ ಸಾವಿರಾರು ದೂರುಗಳಿರುವುದನ್ನು ಕಂಡುಕೊಂಡು, ಹತ್ತು ಮಕ್ಕಳ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ ವರದಿ ಕೊಟ್ಟಿತು. ಕಠಿಣ ದಂಡನೆಯಿಂದ, ಹೆದರಿಸುವುದರಿಂದ ಹದಿಹರೆಯದವರನ್ನು ತಿದ್ದುವ ಕಾರ್ಯಕ್ರಮಗಳು ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಇರುವುದನ್ನೂ ಕೆಡಿಸುತ್ತವೆ ಎಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ್ದ ತಜ್ಞರ ಮಂಡಳಿ 2004ರಲ್ಲೇ ಹೇಳಿತ್ತು.

ಇಷ್ಟು ವರ್ಷ ಸುಮ್ಮನಿದ್ದದ್ದೇಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹೊರಗೆ ಬಂದ ಮೊದಲ ದಿನಗಳಲ್ಲಿ ಹೇಳಿದ್ದನ್ನು ಮನೆಯವರು ನಂಬಲಿಲ್ಲ. ಎರಡನೆಯ ಸಲ ಹೇಳುವ ಧೈರ್ಯ ಅನೇಕರಿಗೆ ಬರಲಿಲ್ಲ. ಬೈಯುತ್ತಿದ್ದವರ ಸಾಲಿನಲ್ಲಿ ತಾವೂ ನಿಂತಿದ್ದ ನಾಚಿಕೆ ಇನ್ನೊಂದು. ಹೋಟೆಲು ಉದ್ಯಮಿ ಮನೆತನದ ಪ್ಯಾರಿಸ್ ಹಿಲ್ಟನ್ ತೊಂಬತ್ತರ ದಶಕದಲ್ಲಿ ಯೂಟಾದ ಪ್ರೋವೊ ಕ್ಯಾನ್ಯನ್ ಶಾಲೆಯಲ್ಲಿ ಹನ್ನೊಂದು ತಿಂಗಳು ಕಳೆದು, ಅಲ್ಲಿ ತಮಗೆ ಆದದ್ದನ್ನು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಹಣ, ಹೆಸರು, ವಕೀಲರು ಎಲ್ಲ ಇದ್ದ ಹೆಣ್ಣುಮಗಳಿಗೆ ಇಪ್ಪತ್ತು ವರ್ಷ ಬೇಕಾದರೆ, ಏನೂ ಇಲ್ಲದವರಿಗೆ ನಲವತ್ತು ಹಿಡಿದದ್ದು ಅಚ್ಚರಿಯಲ್ಲ. ಆಕೆ 2021ರಲ್ಲಿ ಯೂಟಾ ಶಾಸಕರ ಮುಂದೆ ಸಾಕ್ಷ್ಯ ನುಡಿದರು, ಅದೇ ವರ್ಷ ಆ ರಾಜ್ಯದ ಕಾನೂನು ಬಿಗಿಯಾಯಿತು. ಸಾಂಸ್ಥಿಕ ಕೇಂದ್ರಗಳಲ್ಲಿ ಮಕ್ಕಳ ಮೇಲಾಗುವ ದೌರ್ಜನ್ಯದ ಕುರಿತ ರಾಷ್ಟ್ರಮಟ್ಟದ ಮಸೂದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ.

‘ಅದರಿಂದಲೇ ಬದುಕಿದೆ’ ಎನ್ನುವವರನ್ನು ನಾನು ಸುಳ್ಳರೆನ್ನುವುದಿಲ್ಲ. ಅವರ ಅನುಭವ ಅವರದ್ದು. ಆದರೆ ಹಾಗೆ ಹೇಳುವುದನ್ನೇ ಮೇಲಿನ ಹಂತಕ್ಕೆ ಹೋಗುವ ಷರತ್ತಾಗಿ ಇಟ್ಟಿದ್ದ ಜಾಗದಲ್ಲಿ, ಯಾರ ಕೃತಜ್ಞತೆ ಸ್ವಂತದ್ದು, ಯಾರದ್ದು ಕಲಿಸಿದ್ದು ಎಂದು ಹೊರಗಿನವರು ಬೇರ್ಪಡಿಸುವುದು ಕಷ್ಟ. ಉಳಿದವರು ತಮ್ಮನ್ನು ‘ಸರ್ವೈವರ್’ ಎಂದು ಕರೆದುಕೊಳ್ಳುತ್ತಾರೆ. ಬದುಕುಳಿದವರು ಎಂಬ ಮಾತನ್ನು ನಾವು ಬಸ್ಸು ಅಪಘಾತಕ್ಕೆ, ನೆರೆಗೆ ಬಳಸುತ್ತೇವೆ. ಅವರು ಆ ಪದವನ್ನು ಹಗುರವಾಗಿ ಆರಿಸಿಕೊಂಡಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ ಹದಿನೈದು. ವೇಪ್ ಸೇದುತ್ತಾನೆ, ಶಾಲೆ ತಪ್ಪಿಸುತ್ತಾನೆ, ನನ್ನ ಮೇಲೆ ಒಮ್ಮೆ ಕೈ ಎತ್ತಿದ. ಸಲಹೆಗಾರರೊಬ್ಬರು ಕಾಡಿನಲ್ಲಿ ನಡೆಯುವ ಎಂಟು ವಾರಗಳ ಕಾರ್ಯಕ್ರಮಕ್ಕೆ ಸೇರಿಸಲು ಹೇಳುತ್ತಿದ್ದಾರೆ. ರಾತ್ರಿ ಅವರೇ ಬಂದು ಕರೆದುಕೊಂಡು ಹೋಗುತ್ತಾರಂತೆ. ಮೊದಲ ಆರು ವಾರ ಫೋನಿಲ್ಲವಂತೆ. ಊರಿನಲ್ಲಿ ಅತ್ತೆಮಾವನಿಗೆ ಹೇಳುವ ಧೈರ್ಯ ನಮಗಿಲ್ಲ. ಏನು ಮಾಡಲಿ? (ಕನ್ನಡತಿ, ನ್ಯೂಜೆರ್ಸಿ)

ಉತ್ತರ: ರಾತ್ರಿ ಬಂದು ಕರೆದೊಯ್ಯುವುದು, ಆರು ವಾರ ಫೋನಿಲ್ಲದಿರುವುದು, ಈ ಎರಡೇ ಸಾಕು ಅಮ್ಮಾ, ಬೇಡ ಎನ್ನಲು. ಗೊತ್ತಿಲ್ಲದ ಇಬ್ಬರು ಗಂಡಸರು ನಸುಕಿನಲ್ಲಿ ಹಾಸಿಗೆಯಿಂದ ಎಬ್ಬಿಸಿ ಕರೆದೊಯ್ದದ್ದು, ಅಪ್ಪ ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದದ್ದು, ಅಲ್ಲಿ ಮುಂದೆ ಏನೇ ಒಳ್ಳೆಯದಾದರೂ ಮರೆಯದ ದೃಶ್ಯವೆಂದು ಹಾಗೆ ಹೋದವರು ಹೇಳುತ್ತಾರೆ. ನಾರ್ತ್ ಕ್ಯಾರೊಲೈನಾದ ಕಾಡಿನ ಕಾರ್ಯಕ್ರಮವೊಂದರಲ್ಲಿ 2024ರ ಫೆಬ್ರುವರಿಯಲ್ಲಿ ಹನ್ನೆರಡರ ಬಾಲಕನೊಬ್ಬ ಸೇರಿದ ಮರುದಿನ ಬೆಳಿಗ್ಗೆಯೇ ಶವವಾಗಿ ಸಿಕ್ಕಿದ. ಆ ರಾಜ್ಯ ಸರ್ಕಾರ ಅದರ ಪರವಾನಗಿಯನ್ನು ಆಮೇಲೆ ರದ್ದುಮಾಡಿತು. ಯೂಟಾದ 2021ರ ಕಾನೂನಿನ ಪ್ರಕಾರ ಇಂಥ ಕೇಂದ್ರ ಮಗುವಿಗೆ ವಾರಕ್ಕೊಮ್ಮೆಯಾದರೂ ಮನೆಯವರೊಡನೆ ಗೋಪ್ಯವಾಗಿ ಮಾತನಾಡಲು ಬಿಡಬೇಕು, ವರ್ಷಕ್ಕೆ ನಾಲ್ಕು ಸಲ ಸರ್ಕಾರಿ ತಪಾಸಣೆ ನಡೆಯಬೇಕು. ಗೋಪ್ಯವಾಗಿ ಎಂಬ ಪದ ಕಾನೂನಿನಲ್ಲಿ ಸೇರಿದ್ದಕ್ಕೆ ಕಾರಣವಿದೆ.

ಸಲಹೆಗಾರರಿಗೆ ಆ ಕಾರ್ಯಕ್ರಮದಿಂದ ಏನಾದರೂ ಸಲ್ಲುತ್ತದೆಯೇ ಎಂದು ನೇರವಾಗಿ ಕೇಳಿ. ಮಗನನ್ನು ಮೊದಲು ಹದಿಹರೆಯದವರನ್ನೇ ನೋಡುವ ಮನೋವೈದ್ಯರಿಗೆ ತೋರಿಸಿ. ಖಿನ್ನತೆ, ಗಮನದ ತೊಂದರೆ, ಶಾಲೆಯಲ್ಲಿ ಯಾರದೋ ಕಾಟ, ಇವುಗಳಲ್ಲಿ ಯಾವುದಾದರೂ ಇದೆಯೇ ಎಂಬುದು ಗೊತ್ತಾಗಲಿ. ಮನೆಯಲ್ಲೇ ಉಳಿದು, ಮನೆಯವರೆಲ್ಲ ಕೂತು ಪಡೆಯುವ ಕೌಟುಂಬಿಕ ಚಿಕಿತ್ಸೆ ನಿಮ್ಮಲ್ಲಿ ಸಿಗುತ್ತದೆ. ಅತ್ತೆಮಾವನಿಗೂ ಹೇಳಿಬಿಡಿ. ಗುಟ್ಟು ಕಾಯುವ ಮನೆಗಳನ್ನೇ ಇಂಥ ಕಾರ್ಯಕ್ರಮದವರು ಸುಲಭವಾಗಿ ಒಲಿಸಿಕೊಳ್ಳುವುದು.

ಪ್ರಶ್ನೆ: ಮಾನ್ಯರೇ, 2019ರಲ್ಲಿ ನನಗೆ ಹದಿನೇಳು. ಗಾಂಜಾ ಸೇದಿ ಸಿಕ್ಕಿಬಿದ್ದೆನೆಂದು ಅಪ್ಪ ನನ್ನನ್ನು ನಗರವೊಂದರ ಹೊರವಲಯದ ವ್ಯಸನಮುಕ್ತಿ ಕೇಂದ್ರಕ್ಕೆ ಬಿಟ್ಟರು. ಐದು ತಿಂಗಳು ಇದ್ದೆ. ನಲವತ್ತು ದಾಟಿದ ಕುಡುಕರ ಜೊತೆ ಒಂದೇ ಹಾಲ್. ಹೋದ ದಿನವೇ ಚಪ್ಪಲಿ ಕಿತ್ತುಕೊಂಡರು, ಓಡಿಹೋಗಬಾರದೆಂದು. ಒಬ್ಬ ಓಡಿಹೋದರೆ ಎಲ್ಲರಿಗೂ ಪೈಪಿನ ಪೆಟ್ಟು. ಭಾನುವಾರ ಐದು ನಿಮಿಷ ಫೋನ್. ವಾರ್ಡನ್ ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಲ್ಲುತ್ತಿದ್ದ. ಈಗ ಕೆಲಸದಲ್ಲಿದ್ದೇನೆ. ಇವತ್ತಿಗೂ ಚಪ್ಪಲಿಯನ್ನು ಮಂಚದ ಪಕ್ಕ ಕೈಗೆ ಸಿಗುವಂತೆ ಇಟ್ಟುಕೊಳ್ಳದೆ ನಿದ್ದೆ ಬರುವುದಿಲ್ಲ. ಅಪ್ಪನಿಗೆ ಹೇಳಲು ಹೋದರೆ, ‘ಆಗ ಫೋನಿನಲ್ಲಿ ನೀನೇ ಚೆನ್ನಾಗಿದ್ದೀನಿ ಅಂದಿದ್ದೆಯಲ್ಲ’ ಎನ್ನುತ್ತಾರೆ. ಅಮೆರಿಕದವರಿಗೆ ಕೇಳುವವರಿದ್ದಾರೆ. ನನಗೆ? (ಓದುಗ, ಹಾಸನ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ, ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಅದರ ವ್ಯಾಪ್ತಿಯಲ್ಲಿವೆ. ಅದರ 87ನೆಯ ಕಲಮಿನಂತೆ ಹದಿನೆಂಟು ತುಂಬದವರನ್ನು ದಾಖಲಿಸಿಕೊಳ್ಳುವ ಮೊದಲು ಇಬ್ಬರು ತಜ್ಞರು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು, ಪ್ರತ್ಯೇಕವಾಗಿ ಪರೀಕ್ಷಿಸಬೇಕು. ವಯಸ್ಕರಿಂದ ಬೇರೆಯಾಗಿ ಇರಿಸಬೇಕು. ತಂದೆ, ತಾಯಿ ಅಥವಾ ಅವರು ನೇಮಿಸಿದವರು ದಾಖಲಾತಿಯ ಅಷ್ಟೂ ದಿನ ಜೊತೆಯಲ್ಲಿರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, ಮೂವತ್ತು ದಿನ ಮೀರಿದರೆ ಮಂಡಳಿ ಪರಿಶೀಲಿಸಲೇಬೇಕು. ನೀವು ಬರೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ದೊಡ್ಡವರ ಹಾಲ್‌ನಲ್ಲಿ ಒಬ್ಬನೇ ಇದ್ದ ಮೊದಲ ರಾತ್ರಿಯೇ ಕಾನೂನು ಮುರಿದಿತ್ತು. ಹೊಡೆತದ ವಿಷಯಕ್ಕೆ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿದೆ: ಮಕ್ಕಳ ಪಾಲನೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ನಿಮ್ಮ ಪ್ರಕರಣದಲ್ಲಿ ಈಗ ಏನು ಮಾಡಬಹುದು ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರೊಡನೆ ಕೂತು ಕೇಳಿ. ದೂರು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಕೊಡುವುದೂ ಬಿಡುವುದೂ ನಿಮ್ಮ ತೀರ್ಮಾನ. ನಿದ್ದೆಯ ತೊಂದರೆಯನ್ನು ಮಾತ್ರ ಮುಂದೂಡಬೇಡಿ. ನಿಮ್ಹಾನ್ಸ್‌ಗೆ ಹೋಗಬಹುದು, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಪ್ಪಲಿ ಮಂಚದ ಪಕ್ಕದಲ್ಲೇ ಇರಲಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಅಪ್ಪನ ವಿಷಯ. ಐದು ತಿಂಗಳನ್ನೂ ಒಂದೇ ಸಲ ಹೇಳಲು ಹೋಗಬೇಡಿ. ಮಗನಿಗೆ ಒಳ್ಳೆಯದು ಮಾಡಿದೆನೆಂದು ನಂಬಿಕೊಂಡಿರುವವರಿಗೆ ಅಷ್ಟನ್ನು ಒಟ್ಟಿಗೆ ಹೊರುವುದು ಆಗದು, ಆಗ ಅವರು ಮತ್ತೆ ಆ ಫೋನ್ ಕರೆಯನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾದರೆ ಆ ಫೋನ್ ಕರೆಯಿಂದಲೇ ಶುರುಮಾಡಿ. ಎದುರುಬದುರು ಮಾತು ಬಿಸಿಯಾಗುವುದಾದರೆ ಕಾಗದದಲ್ಲಿ ಬರೆದು ಕೊಡಿ: ಭಾನುವಾರ ಎಷ್ಟು ಗಂಟೆಗೆ ಫೋನ್ ಕೊಡುತ್ತಿದ್ದರು, ಸ್ಪೀಕರ್ ಯಾರು ಹಾಕುತ್ತಿದ್ದರು, ವಾರ್ಡನ್ ನಿಮ್ಮಿಂದ ಎಷ್ಟು ದೂರದಲ್ಲಿ ನಿಲ್ಲುತ್ತಿದ್ದ, ಅವನ ಕೈಯಲ್ಲಿ ಏನಿರುತ್ತಿತ್ತು, ‘ಚೆನ್ನಾಗಿದ್ದೀನಿ ಅಪ್ಪ’ ಎಂದು ನೀವು ಹೇಳುವಾಗ ಯಾರ ಮುಖ ನೋಡುತ್ತಿದ್ದಿರಿ. ಇಷ್ಟೇ ಸಾಕು. ಮುಂದಿನದನ್ನು ಅವರು ಕೇಳಿದಾಗ ಹೇಳಿ.